ಆಕಾಶ್: ಹೊಗಳಿಕೆ ಮರೆಸಿದ ಆರು ಸೋಲುಗಳು

2025ರ ಮೇ 7ರಿಂದ 10ರವರೆಗೆ ಪಾಕಿಸ್ತಾನದ ಜೊತೆ ನಡೆದ ಕಾಳಗ ನಿಂತ ಮೇಲೆ ಆಕಾಶ್ ಕ್ಷಿಪಣಿಗೆ ಬಂದ ಕೀರ್ತಿಯನ್ನು ಹೈದರಾಬಾದಿನಷ್ಟು ಹತ್ತಿರದಿಂದ ಕಂಡ ಊರು ಇನ್ನೊಂದಿರಲಿಕ್ಕಿಲ್ಲ. ಅದನ್ನು ರೂಪಿಸಿದ ಡಿಆರ್‌ಡಿಎಲ್ ಪ್ರಯೋಗಾಲಯ, ತಯಾರಿಸುವ ಭಾರತ್ ಡೈನಮಿಕ್ಸ್ ಕಾರ್ಖಾನೆ ಎರಡೂ ಇಲ್ಲಿನ ಕಂಚನ್‌ಬಾಗ್‌ನಲ್ಲಿವೆ. ಅದಕ್ಕೆ ದಾರಿ ತೋರುವ ರಾಜೇಂದ್ರ ರಾಡಾರ್ ಹುಟ್ಟಿದ್ದು ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದಲ್ಲಿ. ವಾಯುಪಡೆಗೆ ಇಡೀ ವ್ಯವಸ್ಥೆಯನ್ನು ಜೋಡಿಸಿ ಒಪ್ಪಿಸಿದ್ದು ಬಿಇಎಲ್. ಹೀಗಾಗಿ ಇಲ್ಲಿ ನೆಲೆಸಿದ ಕನ್ನಡಿಗರಿಗೆ ಎರಡು ಊರುಗಳ ಹೆಮ್ಮೆ. ಯೋಜನೆಯನ್ನು ಮುನ್ನಡೆಸಿದ ಪ್ರಹ್ಲಾದ ರಾಮರಾವ್ ತಮ್ಮ ಬಾಳಿನ ಅತ್ಯಂತ ಸಂತಸದ ದಿನ ಇದು ಎಂಬರ್ಥದ ಮಾತಾಡಿದಾಗ ಆ ಸಂತಸದಲ್ಲಿ ನನಗೂ ಪಾಲಿತ್ತು. ಆಮೇಲೆ ಬಂದ ಬರಹಗಳ ಬಗ್ಗೆ ಮಾತ್ರ ನನಗೆ ತಕರಾರಿದೆ. ನಾಲ್ಕು ದಿನಗಳ ಈ ಯುದ್ಧದಿಂದ ನಾವು ಕಲಿಯಬೇಕಾದ ರಕ್ಷಣೆಯ ಪಾಠವನ್ನು ಅವು ಸ್ವದೇಶಿ ಗೆದ್ದಿತು ಎಂಬ ಒಂದೇ ವಾಕ್ಯಕ್ಕೆ ಇಳಿಸಿಬಿಟ್ಟವು. ಆಕಾಶ್ ಒಳ್ಳೆಯ ಕ್ಷಿಪಣಿ. ಅದನ್ನು ಒಳ್ಳೆಯದಾಗಿಸಿದ್ದು ಅದರ ಮೇಲೆ ಬಂದ ದೂರುಗಳು, ಅದು ಸೋತ ಪರೀಕ್ಷೆಗಳು, ಆ ಸೋಲನ್ನು ಬರೆದಿಟ್ಟ ಲೆಕ್ಕಪರಿಶೋಧಕರು. ಈಗಿನ ಕೀರ್ತಿಯಲ್ಲಿ ಇವರಲ್ಲಿ ಯಾರಿಗೂ ಜಾಗವಿಲ್ಲ.

ಹಳೆಯ ಕತೆ ಓದುಗರಿಗೆ ಗೊತ್ತು. 1983ರ ಜುಲೈಯಲ್ಲಿ ಮಂಜೂರಾದ ಸಮಗ್ರ ಕ್ಷಿಪಣಿ ಯೋಜನೆ, ಅಬ್ದುಲ್ ಕಲಾಂ ಅವರ ನೇತೃತ್ವ, ಪೃಥ್ವಿ, ಅಗ್ನಿ, ತ್ರಿಶೂಲ್, ನಾಗ್ ಜೊತೆಗೆ ಆಕಾಶ್, 1990ರಲ್ಲಿ ಮೊದಲ ಹಾರಾಟ, 2007ರ ಡಿಸೆಂಬರಿನಲ್ಲಿ ಚಾಂದೀಪುರದಲ್ಲಿ ವಾಯುಪಡೆಯ ಪರೀಕ್ಷೆ, ಮರುವರ್ಷ ಮೊದಲ ಖರೀದಿ. ಮಂಜೂರಾತಿಯಿಂದ ಖರೀದಿಗೆ 25 ವರ್ಷ. ಅದೇ ಯೋಜನೆಯ ತ್ರಿಶೂಲ್ ಸೇನೆಯನ್ನು ಸೇರದೆ 2008ರಲ್ಲಿ ಮುಚ್ಚಿಹೋಯಿತು.

ಆಕಾಶ್ ಹಾರುವ ಬಗೆಯನ್ನು ಅರ್ಥಮಾಡಿಕೊಳ್ಳದೆ ಅದರ ಯೋಗ್ಯತೆಯನ್ನು ಅಳೆಯಲಾಗದು. ಸುಮಾರು 720 ಕಿಲೋ ತೂಕದ, 25 ಕಿಲೋಮೀಟರಿಗೂ ಹೆಚ್ಚು ದೂರದ ಗುರಿಯನ್ನು ಮುಟ್ಟುವ ಈ ಕ್ಷಿಪಣಿಯ ಮೂಲ ಮಾದರಿಗೆ ಸ್ವಂತ ಕಣ್ಣಿಲ್ಲ. ನೆಲದ ಮೇಲಿನ ರಾಡಾರ್ ಶತ್ರುವಿಮಾನವನ್ನೂ ಕ್ಷಿಪಣಿಯನ್ನೂ ಒಟ್ಟಿಗೆ ನೋಡುತ್ತ, ಎಡಕ್ಕೆ ತಿರುಗು, ಮೇಲಕ್ಕೇರು ಎಂದು ರೇಡಿಯೊ ಮೂಲಕ ಆಜ್ಞೆ ಕೊಡುತ್ತಿರುತ್ತದೆ. ಗುರಿ ದೂರವಾದಷ್ಟೂ ರಾಡಾರಿನ ಅಳತೆಯ ತಪ್ಪು ಹಿಗ್ಗುತ್ತದೆ. ಅದನ್ನು ತುಂಬಲೆಂದೇ 55 ಕಿಲೋದಷ್ಟು ಭಾರದ ಸಿಡಿತಲೆ ಇಟ್ಟಿದ್ದಾರೆ. ನೇರ ತಾಗದಿದ್ದರೂ ಹತ್ತಿರ ಸಿಡಿದು ಕೆಡವಬೇಕು. ಇದರ ಲಾಭವೂ ಸಣ್ಣದಲ್ಲ. ತಲೆಯಲ್ಲಿ ದುಬಾರಿ ಸೀಕರ್ ಇಲ್ಲದ್ದರಿಂದ ಬೆಲೆ ಕಡಿಮೆ, ವಿದೇಶಿ ಬಿಡಿಭಾಗದ ಹಂಗು ಕಡಿಮೆ. ಒಂದೇ ರಾಡಾರ್ ಹಲವು ಕ್ಷಿಪಣಿಗಳನ್ನು ಒಟ್ಟಿಗೆ ನಡೆಸಬಲ್ಲದು. 2023ರ ಡಿಸೆಂಬರಿನಲ್ಲಿ ಆಂಧ್ರದ ಸೂರ್ಯಲಂಕದಲ್ಲಿ ಒಂದೇ ಘಟಕ ನಾಲ್ಕು ಗುರಿಗಳನ್ನು ಏಕಕಾಲಕ್ಕೆ ಹೊಡೆದು ತೋರಿಸಿತು. ಅದು ನಿಜವಾದ ಸಾಧನೆ. ಆದರೆ ಈ ವಿನ್ಯಾಸ ಮನಸ್ಸಿನಲ್ಲಿಟ್ಟುಕೊಂಡದ್ದು ಯುದ್ಧವಿಮಾನವನ್ನು. ಮೇ 8ರ ರಾತ್ರಿ ಗಡಿ ದಾಟಿ ಬಂದದ್ದು ಮುಖ್ಯವಾಗಿ ಡ್ರೋನ್‌ಗಳು. 36 ಕಡೆಗಳಲ್ಲಿ 300ರಿಂದ 400 ಡ್ರೋನ್ ಎಂದು ಸರ್ಕಾರವೇ ಹೇಳಿತು; ನಮ್ಮ ವಾಯುರಕ್ಷಣೆಯನ್ನು ಕೆಣಕಿ ಮಾಹಿತಿ ಪಡೆಯುವುದು ಅವುಗಳ ಉದ್ದೇಶವಾಗಿದ್ದಿರಬಹುದು ಎಂದೂ ಹೇಳಿತು.

ಅಂಥ ರಾತ್ರಿಯಲ್ಲಿ ಅಗ್ಗದ ಡ್ರೋನಿಗೆ 720 ಕಿಲೋ ಕ್ಷಿಪಣಿ ಹಾರಿಸುವ ಸೇನಾಧಿಕಾರಿ ತನ್ನ ದಾಸ್ತಾನನ್ನು ತಾನೇ ಬರಿದುಮಾಡಿಕೊಂಡಂತೆ. ಆ ಕೆಲಸದ ದೊಡ್ಡ ಪಾಲನ್ನು ಹೊತ್ತದ್ದು ಎಲ್-70 ಫಿರಂಗಿ, ಅವಳಿ ನಳಿಗೆಯ ಝಡ್‌ಯು-23, ಶಿಲ್ಕಾ. ಎಲ್-70 ಸ್ವೀಡನ್ನಿನ ಬೋಫೋರ್ಸ್ ಮೂಲದ್ದು, ದಶಕಗಳಷ್ಟು ಹಳೆಯದು. ಅದಕ್ಕೆ ಹೊಸ ದೃಷ್ಟಿಯಂತ್ರ, ಹೊಸ ಮೋಟಾರು ಕೂರಿಸಿ ಮತ್ತೆ ಕೆಲಸಕ್ಕೆ ಹಚ್ಚಿದ್ದು ಬಿಇಎಲ್. ಇನ್ನು ದೂರದ ಹೊಡೆತ. ಆಗಸ್ಟ್ 9ರಂದು ಬೆಂಗಳೂರಿನ ಕಾತ್ರೆ ಸ್ಮಾರಕ ಉಪನ್ಯಾಸದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಐದು ಯುದ್ಧವಿಮಾನ ಮತ್ತು ಒಂದು ದೊಡ್ಡ ವಿಮಾನವನ್ನು ಕೆಡವಿದ್ದೇವೆ ಎಂದಾಗ ಅದರ ಶ್ರೇಯಸ್ಸನ್ನು ಕೊಟ್ಟದ್ದು ರಷ್ಯಾದ ಎಸ್-400ಕ್ಕೆ. ಆಕಾಶ್‌ನ ಪಾಲು ಇವೆರಡರ ನಡುವಿನ ಪದರದಲ್ಲಿದೆ. ಮಹತ್ವದ ಪಾಲೇ. ಆದರೂ ಇಡೀ ಛತ್ರಿಯನ್ನು ಒಂದು ಕಡ್ಡಿಯ ಹೆಸರಿಗೆ ಬರೆದುಕೊಡುವುದು ಆ ಕಡ್ಡಿಗೂ ಒಳ್ಳೆಯದಲ್ಲ. ನಾಳಿನ ಬಜೆಟ್ಟಿನಲ್ಲಿ ಫಿರಂಗಿಗೆ, ಅದರ ಗುಂಡಿಗೆ, ರಾಡಾರುಗಳನ್ನು ಪೋಣಿಸುವ ಆಕಾಶತೀರದಂಥ ಜಾಲಕ್ಕೆ ಹಣ ಕೇಳುವವರ ದನಿ ಆಗ ಸಣ್ಣದಾಗುತ್ತದೆ.

ಈಗ ಆ ಮರೆತ ದಾಖಲೆಗೆ ಬರುತ್ತೇನೆ. 2017ರ ಜುಲೈಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯೊಂದು ವಾಯುಪಡೆಗೆ ಬಂದ ಕ್ಷಿಪಣಿಗಳನ್ನು ಪರಿಶೀಲಿಸಿತ್ತು. ಕ್ಷಿಪಣಿಯನ್ನು ಹೆಸರಿಸದೆ ಆಯಕಟ್ಟಿನ ಕ್ಷಿಪಣಿ ವ್ಯವಸ್ಥೆ ಎಂದಷ್ಟೇ ಕರೆದರೂ ಅದು ಆಕಾಶ್ ಎಂಬುದು ಎಲ್ಲರಿಗೂ ತಿಳಿದಿತ್ತು, ಪತ್ರಿಕೆಗಳು ಹಾಗೆಯೇ ಬರೆದವು. 2014ರ ನವೆಂಬರಿನವರೆಗೆ ಬಂದ 80 ಕ್ಷಿಪಣಿಗಳಲ್ಲಿ 20ನ್ನು ಆ ವರ್ಷದ ಏಪ್ರಿಲ್‌ನಿಂದ ನವೆಂಬರಿನ ನಡುವೆ ಹಾರಿಸಿ ನೋಡಿದರು. ಆರು ಸೋತವು. ಕೆಲವು ಗುರಿ ತಲುಪದೆ ಮೊದಲೇ ಬಿದ್ದವು, ಕೆಲವಕ್ಕೆ ಬೇಕಾದ ವೇಗ ಬರಲಿಲ್ಲ, ಸರ್ವೊ ನಿಯಂತ್ರಣ ಘಟಕ ಮತ್ತು ಕನೆಕ್ಟರ್ ಕೈಕೊಟ್ಟವು. ಎರಡು ಬೂಸ್ಟರ್ ನಳಿಕೆಯ ದೋಷದಿಂದ ಮೇಲೇಳಲೇ ಇಲ್ಲ. ಇದು ಯುದ್ಧಕಾಲದಲ್ಲಿ ಅಪಾಯ ತರುವ ಕೊರತೆ ಎಂದು ವರದಿ ಎಚ್ಚರಿಸಿತು.

ಶೇ 30 ಎಂಬ ಅಂಕಿಯನ್ನು ಆಗ ಎಲ್ಲರೂ ತಲೆಬರಹ ಮಾಡಿ ಮರುದಿನ ಕೈಬಿಟ್ಟರು. ಅದರ ಒಳಗೆ ಇಳಿದು ನೋಡಬೇಕಿತ್ತು. ಡಿಆರ್‌ಡಿಒ ಹೇಳುತ್ತ ಬಂದ ಪ್ರಕಾರ ಒಂದು ಆಕಾಶ್ ಗುರಿಯನ್ನು ಕೆಡವುವ ಸಾಧ್ಯತೆ ಶೇ 88. ಬೆನ್ನುಬೆನ್ನಿಗೆ ಎರಡು ಹಾರಿಸಿದರೆ ಅದು ಶೇ 98 ದಾಟುತ್ತದೆ. ಲೆಕ್ಕ ಸರಿ, ಆದರೆ ಹಾರಿಸಿದ ಕ್ಷಿಪಣಿ ಸರಿಯಾಗಿ ಹಾರುತ್ತದೆ ಎಂಬುದು ಅದರ ಆಧಾರ. ಹತ್ತರಲ್ಲಿ ಮೂರು ಹಾರಾಟದಲ್ಲೇ ಕೆಡುವುದಾದರೆ ಶೇ 88 ಎಂಬುದು ಶೇ 62ರ ಆಸುಪಾಸಿಗೆ ಇಳಿಯುತ್ತದೆ; ಜೋಡಿ ಹಾರಿಸಿದರೂ ಶೇ 85. ಹತ್ತು ವಿಮಾನ ನುಗ್ಗಿದರೆ ಒಂದೋ ಎರಡೋ ನೆಲೆಯ ಮೇಲೆ ಬಂದು ಬಾಂಬು ಹಾಕುತ್ತವೆ. ವಾಸ್ತವ ಇದಕ್ಕಿಂತಲೂ ಕಠಿಣ. ಈ ಲೆಕ್ಕದಲ್ಲಿ ಒಂದು ಕ್ಷಿಪಣಿಯ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧವಿಲ್ಲ ಎಂದು ಹಿಡಿದಿದ್ದೇವೆ. ನಳಿಕೆಯ ದೋಷ ಒಂದು ಲಾಟಿನಲ್ಲಿ ಹೊಕ್ಕಿದ್ದರೆ ಆ ಲಾಟಿನಿಂದ ತೆಗೆದು ಲಾಂಚರಿನಲ್ಲಿ ಅಕ್ಕಪಕ್ಕ ಇಟ್ಟ ಎರಡರಲ್ಲೂ ಅದು ಇರುತ್ತದೆ. ಎರಡನೆಯದು ಮೊದಲನೆಯದರ ಸೋಲನ್ನು ತುಂಬಿಕೊಡುವ ಬದಲು ಅದನ್ನೇ ಮತ್ತೊಮ್ಮೆ ಮಾಡುತ್ತದೆ.

ಸೋತ ಭಾಗಗಳ ಪಟ್ಟಿಯನ್ನು ಮತ್ತೆ ನೋಡಿ: ನಳಿಕೆ, ಕನೆಕ್ಟರ್, ಸರ್ವೊ. ರಾಮ್‌ಜೆಟ್ ಎಂಜಿನ್ನಿನ ಮೂಲ ಕಲ್ಪನೆ, ರಾಡಾರಿನ ಗಣಿತ, ನಿಯಂತ್ರಣದ ಸೂತ್ರ ಯಾವುದೂ ಆ ಪಟ್ಟಿಯಲ್ಲಿಲ್ಲ. ದೋಷ ಇದ್ದದ್ದು ಕಾರ್ಖಾನೆಯ ಅಂಗಳದಲ್ಲಿ, ಬಿಡಿಭಾಗದ ತಪಾಸಣೆಯಲ್ಲಿ ಎಂದು ತೋರುತ್ತದೆ. ಕ್ಷಿಪಣಿಯ ಬಗ್ಗೆ ನಮ್ಮಲ್ಲಿ ಬಂದ ಪುಸ್ತಕಗಳು, ಲೇಖನಗಳು ಹೆಚ್ಚುಕಡಿಮೆ ಎಲ್ಲವೂ ವಿಜ್ಞಾನಿಯ ಪ್ರತಿಭೆಯ ಕತೆಗಳು. ಫಿಟ್ಟರನ ಕೈ, ಗುಣಮಟ್ಟ ತಪಾಸಕನ ಸಹಿ, ಬಿಡಿಭಾಗ ಪೂರೈಸುವ ಸಣ್ಣ ಘಟಕಗಳ ಕೆಲಸ ಅವುಗಳಲ್ಲಿ ಬರುವುದಿಲ್ಲ. ಆಕಾಶ್ ಬದುಕಿದ್ದು ಮತ್ತು ಸೋತದ್ದು ಅಲ್ಲಿಯೇ. ವರದಿ ಇನ್ನೊಂದನ್ನೂ ಹೇಳಿತ್ತು: ಆರು ವಾಯುನೆಲೆಗಳಿಗಾಗಿ ಕೊಂಡ ಕ್ಷಿಪಣಿ ವ್ಯವಸ್ಥೆ ಒಂದರಲ್ಲೂ ಸ್ಥಾಪನೆಯಾಗಿರಲಿಲ್ಲ, ಏಕೆಂದರೆ ಅಲ್ಲಿ ಕಟ್ಟಡಗಳೇ ಸಿದ್ಧವಿರಲಿಲ್ಲ. ಹತ್ತು ವರ್ಷ ಆಯುಸ್ಸಿನ ಕ್ಷಿಪಣಿಗಳು ಇಡಲು ಜಾಗವಿಲ್ಲದೆ ವಯಸ್ಸು ಕಳೆಯುತ್ತಿದ್ದವು.

ಆ ಪರೀಕ್ಷೆಗಳು ಮುಗಿದ ಎಂಟು ತಿಂಗಳಿಗೆ, 2015ರ ಜುಲೈ 10ರಂದು, ಗ್ವಾಲಿಯರಿನಲ್ಲಿ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಆಕಾಶ್ ಅನ್ನು ವಿಧ್ಯುಕ್ತವಾಗಿ ವಾಯುಪಡೆಗೆ ಒಪ್ಪಿಸಿದರು. ಸಮಾರಂಭದ ಸುದ್ದಿ ಅಂದೇ ದೇಶಕ್ಕೆಲ್ಲ ತಲುಪಿತು. ಆರು ಸೋಲುಗಳ ಸುದ್ದಿ ತಲುಪಲು ಇನ್ನೆರಡು ವರ್ಷ ಬೇಕಾಯಿತು.

ನನ್ನ ಜಗಳ ಇಲ್ಲಿಂದ ಶುರುವಾಗುತ್ತದೆ. ಆಕಾಶ್ ಬಗ್ಗೆ ಬರೆಯುವವರಲ್ಲಿ ಎರಡು ಪಂಗಡ. ಇದು ಸೋವಿಯತ್ ಕೂಬ್ ಕ್ಷಿಪಣಿಯ ಹಳಸಿದ ನಕಲು, ಹೊರಗಿನಿಂದ ಕೊಳ್ಳುವುದೇ ಮೇಲು ಎಂದು ಇಪ್ಪತ್ತು ವರ್ಷ ವಾದಿಸಿದವರು ಮೊದಲನೆಯವರು. ಅವರಿಗೆ ಉತ್ತರ ಕೊಡುವುದು ಸುಲಭ. ಮೂಲ ಮಾದರಿಗೆ ಸೀಕರ್ ಸೇರಿಸಿ ಆಕಾಶ್ ಪ್ರೈಮ್ ಮಾಡಿದ್ದು, 2025ರ ಜುಲೈಯಲ್ಲಿ ಲಡಾಖಿನ 15,000 ಅಡಿ ಎತ್ತರದಲ್ಲಿ ಅದು ಎರಡು ವೇಗದ ಗುರಿಗಳನ್ನು ಹೊಡೆದದ್ದು, ಆರ್ಮೇನಿಯಾ ಆಕಾಶ್ ಅನ್ನು ಕೊಂಡದ್ದು ಎಲ್ಲ ಕಣ್ಣೆದುರಿಗಿದೆ. ಸ್ವಂತ ವಿನ್ಯಾಸವಾದ್ದರಿಂದಲೇ ತಿದ್ದಲು ಸಾಧ್ಯವಾಯಿತು. ಕೊಂಡುತಂದ ಕ್ಷಿಪಣಿಯ ಒಳಗನ್ನು ಬಿಚ್ಚಿ ತಿದ್ದಲು ಮಾರಿದವನ ಅಪ್ಪಣೆ ಬೇಕು. ರಕ್ಷಣಾ ವಿಶ್ಲೇಷಕ ಭರತ್ ಕಾರ್ನಾಡ್ ಅವರಂಥವರು ಆಮದಿನ ಚಟದ ಬಗ್ಗೆ ದಶಕಗಳಿಂದ ಹೇಳುತ್ತ ಬಂದದ್ದರಲ್ಲಿ ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಎರಡನೆಯ ಪಂಗಡ ಹೆಚ್ಚು ಹಾನಿ ಮಾಡುತ್ತಿದೆ. ಅವರ ಪ್ರಕಾರ ಆಕಾಶ್ ಮೇಲೆ ಬಂದ ಪ್ರತಿ ಟೀಕೆಯೂ ವಿದೇಶಿ ಶಸ್ತ್ರ ದಲ್ಲಾಳಿಗಳ ಪಿತೂರಿ, ಮೇ ತಿಂಗಳು ಟೀಕಾಕಾರರ ಬಾಯಿ ಮುಚ್ಚಿಸಿತು. ಸೇನೆ ಮೊದಲು ಇದನ್ನು ಕೊಳ್ಳಲು ಹಿಂದೇಟು ಹಾಕಿತ್ತು ಎಂದು ಪ್ರಹ್ಲಾದ ರಾಮರಾವ್ ಸಂದರ್ಶನದಲ್ಲಿ ನೆನೆದರು. ಕನ್ನಡದಲ್ಲೂ ಆ ಒಂದು ನೆನಪನ್ನು ಎತ್ತಿಕೊಂಡು, ನಂಬದ ಸೇನೆ, ಪಟ್ಟುಬಿಡದ ವಿಜ್ಞಾನಿ ಎಂದು ನಾಟಕ ಕಟ್ಟಿದರು. ಇದು ಸೇನೆಗೂ ಅನ್ಯಾಯ, ವಿಜ್ಞಾನಿಗೂ ಅನ್ಯಾಯ. ದಂಡಿನ ಜೊತೆ ಮರುಭೂಮಿಯಲ್ಲಿ ಓಡಬೇಕಾದ ಆಯುಧ ಇಷ್ಟು ಭಾರವಿದ್ದರೆ ಹೇಗೆ, ಸುತ್ತಲಿನ ಯಾವ ದಿಕ್ಕಿನಿಂದ ಬಂದರೂ ಹೊಡೆಯಬಲ್ಲುದೇ ಎಂದು ಕೇಳಿದ ಸೇನಾಧಿಕಾರಿ ತನ್ನ ಸೈನಿಕರ ಜೀವದ ಪರವಾಗಿ ಕೇಳಿದ. ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಡಿಆರ್‌ಡಿಒ ಬೇರೊಂದು ಕ್ಷಿಪ್ರ ಪ್ರತಿಕ್ರಿಯೆಯ ಕ್ಷಿಪಣಿಯ ಕೆಲಸ ಹಿಡಿಯಿತು. ಒಪ್ಪದ ಗಿರಾಕಿ ಇಲ್ಲದಿದ್ದರೆ ಡಿಆರ್‌ಡಿಎಲ್ 1990ರ ಕ್ಷಿಪಣಿಯ ಹತ್ತಿರವೇ ನಿಂತುಬಿಡುತ್ತಿತ್ತು. ಟೀಕೆಯನ್ನು ದ್ರೋಹವೆನ್ನುವ ಬರಹಗಾರರು ಮೆಚ್ಚುತ್ತಿರುವ ಆಕಾಶ್, ಟೀಕೆ ತಿದ್ದಿದ ಆಕಾಶ್. ಇದನ್ನು ಅವರಿಗೆ ಎಷ್ಟು ಸಲ ಹೇಳಬೇಕಾದರೂ ಹೇಳುತ್ತೇನೆ.

ಈ ಧೋರಣೆ ಬರಹಗಾರರಲ್ಲಿ ಮಾತ್ರ ಇದ್ದಿದ್ದರೆ ಬಿಡಬಹುದಿತ್ತು. ಪ್ರಭುತ್ವವೂ ಅದೇ ದಾರಿ ಹಿಡಿದಿದೆ. ರಕ್ಷಣೆಗೆ ಸಂಬಂಧಿಸಿದ ಲೆಕ್ಕಪರಿಶೋಧನಾ ವರದಿಗಳನ್ನು ಜಾಲತಾಣಕ್ಕೆ ಹಾಕದಿರುವುದು ತಿಳಿದೇ ಮಾಡಿದ ನಿರ್ಧಾರ ಎಂದು ಆಗಿನ ಮಹಾಲೇಖಪಾಲ ರಾಜೀವ್ ಮೆಹರ್ಷಿ 2020ರಲ್ಲಿ ಹೇಳಿದರು. ಹೊರದೇಶಗಳು ಓದುತ್ತವೆ ಎಂಬುದು ಕಾರಣ. ಶತ್ರು ಓದುವನೆಂಬ ಆತಂಕ ಸುಳ್ಳಲ್ಲ. ಆದರೆ ಮೇ ತಿಂಗಳಲ್ಲಿ ನೂರಾರು ಡ್ರೋನ್ ಕಳಿಸಿ ನಮ್ಮ ರಾಡಾರುಗಳನ್ನು ಅಳೆದವನಿಗೆ 2014ರ ನಳಿಕೆಯ ದೋಷದಿಂದ ಸಿಗುವ ಲಾಭ ಅಲ್ಪ. ಅದೇ ಸಂಗತಿ ತೆರಿಗೆ ಕಟ್ಟುವ ನಾಗರಿಕನಿಗೆ, ಪತ್ರಕರ್ತನಿಗೆ, ಮುಂದಿನ ಲಾಟನ್ನು ತಪಾಸಿಸುವ ಎಂಜಿನಿಯರಿಗೆ ದಕ್ಕದಿದ್ದರೆ ನಷ್ಟ ದೊಡ್ಡದು.

ಕಾರ್ಗಿಲ್ ನಂತರ ಹೀಗಿರಲಿಲ್ಲ. ಯುದ್ಧ ಮುಗಿದು ಮೂರೇ ದಿನಕ್ಕೆ, 1999ರ ಜುಲೈ 29ರಂದು, ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಜೊತೆಗೆ ಲೆಫ್ಟಿನೆಂಟ್ ಜನರಲ್ ಕೆ.ಕೆ. ಹಜಾರಿ, ಪತ್ರಕರ್ತ ಬಿ.ಜಿ. ವರ್ಗೀಸ್, ಸತೀಶ್ ಚಂದ್ರ. ಗುಪ್ತವೆನಿಸಿದ ಭಾಗಗಳನ್ನು ಚುಕ್ಕಿ ಇಟ್ಟು ಮರೆಮಾಡಿ, ಉಳಿದದ್ದನ್ನು 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟರು, ಪುಸ್ತಕವಾಗಿಯೂ ಅಚ್ಚು ಹಾಕಿಸಿದರು. ಗುಪ್ತಚರ ವೈಫಲ್ಯವನ್ನು ಅದು ಬರೆಯಿತು, ಮತ್ತು ಆ ಬರಹದ ಮೇಲೆ ರಕ್ಷಣಾ ಗುಪ್ತಚರ ಸಂಸ್ಥೆಯಿಂದ ಹಿಡಿದು ಎಷ್ಟೋ ವರ್ಷಗಳ ನಂತರದ ರಕ್ಷಣಾ ಪಡೆಗಳ ಮುಖ್ಯಸ್ಥರ (ಸಿಡಿಎಸ್) ಹುದ್ದೆಯವರೆಗೆ ಸುಧಾರಣೆಗಳು ನಿಂತವು. ಚುಕ್ಕಿಗಳನ್ನು ಇಟ್ಟುಕೊಂಡೇ ಒಂದು ದೇಶ ತನ್ನ ತಪ್ಪನ್ನು ಓದಬಲ್ಲದು ಎಂಬುದಕ್ಕೆ ಅದು ಸಾಕ್ಷಿ. 2025ರಲ್ಲಿ ವಿರೋಧ ಪಕ್ಷ ಅಂಥದೇ ಸಮಿತಿ ಕೇಳಿತು. ಸಿಕ್ಕದ್ದು ಜುಲೈ ಕೊನೆಯಲ್ಲಿ ಸಂಸತ್ತಿನ ಚರ್ಚೆ. ಇಡೀ ಪ್ರಕರಣದಲ್ಲಿ ಸರಿಯಾದ ದನಿ ಕೇಳಿಬಂದದ್ದು ಮೇ 31ರಂದು ಸಿಂಗಪುರದಲ್ಲಿ. ಸಿಡಿಎಸ್ ಜನರಲ್ ಅನಿಲ್ ಚೌಹಾಣ್ ಮೊದಲ ದಿನ ವಿಮಾನ ಕಳೆದುಕೊಂಡದ್ದನ್ನು ಒಪ್ಪಿಕೊಂಡರು, ಎಷ್ಟು ಬಿದ್ದವು ಎಂಬುದಕ್ಕಿಂತ ಏಕೆ ಬಿದ್ದವು ಎಂಬುದು ಮುಖ್ಯ ಎಂಬರ್ಥದ ಮಾತಾಡಿದರು. ಕ್ಷಿಪಣಿಯ ವಿಷಯದಲ್ಲೂ ಆ ಅಳತೆಗೋಲನ್ನು ಹಿಡಿಯುವವರು ಬೇಕು.

2025ರ ಜೂನ್‌ನಲ್ಲಿ ಇರಾನ್ ಮತ್ತು ಇಸ್ರೇಲ್ ಹನ್ನೆರಡು ದಿನ ಕಾದಾಡಿದಾಗ ತಡೆಕ್ಷಿಪಣಿಗಳ ದಾಸ್ತಾನು ಎಷ್ಟು ಬೇಗ ಕರಗುತ್ತದೆಂದು ಜಗತ್ತು ನೋಡಿತು. ನಮ್ಮದು ನಾಲ್ಕು ದಿನಕ್ಕೆ ನಿಂತಿತು. ನಲವತ್ತು ದಿನಕ್ಕೆ ಎಳೆದಿದ್ದರೆ ಕಂಚನ್‌ಬಾಗ್ ತಿಂಗಳಿಗೆ ಎಷ್ಟು ಕ್ಷಿಪಣಿ ಕೊಡಬಲ್ಲದು, ಕೊಟ್ಟವುಗಳಲ್ಲಿ ಎಷ್ಟು ನೆಟ್ಟಗೆ ಹಾರುತ್ತವೆ ಎಂಬ ಎರಡು ಪ್ರಶ್ನೆಗಳು ಮಿಕ್ಕೆಲ್ಲ ಚರ್ಚೆಯನ್ನು ನುಂಗಿಹಾಕುತ್ತಿದ್ದವು. 2023ರ ಮಾರ್ಚ್‌ನಲ್ಲಿ ಭೂಸೇನೆಗೆ ಸುಧಾರಿತ ಆಕಾಶ್‌ನ ಎರಡು ರೆಜಿಮೆಂಟ್ ಕೊಡಲು ಭಾರತ್ ಡೈನಮಿಕ್ಸ್ ಜೊತೆ 8,160 ಕೋಟಿ ರೂಪಾಯಿಗೂ ಹೆಚ್ಚಿನ ಒಪ್ಪಂದವಾಗಿದೆ. ಆ ಕ್ಷಿಪಣಿಗಳ ಪ್ರತಿ ಲಾಟಿನಿಂದ ಎಷ್ಟನ್ನು ಹಾರಿಸಿ ನೋಡಲಾಯಿತು, ಎಷ್ಟು ಸೋತವು, ಸೋತವು ಯಾವ ಭಾಗದಿಂದ ಸೋತವು ಎಂದು ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿ ಕೇಳಬೇಕು, ಚುಕ್ಕಿ ಇಟ್ಟಾದರೂ ಆ ಉತ್ತರವನ್ನು ಅಚ್ಚು ಹಾಕಬೇಕು.