ಬೇಕಲದ ಕೋಟೆ, ಬಾಂಬೆಯ ಹಾಡು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮೊಮ್ಮಗಳನ್ನು ಕರೆದುಕೊಂಡು ಬೇಕಲ ಕೋಟೆಗೆ ಹೋಗಿದ್ದೆ. ಬುರುಜಿನ ಮೇಲೆ ನಿಂತು ಕಡಲು ನೋಡುತ್ತಿದ್ದವಳು, "ಅಜ್ಜಾ, ಇದು 'ಬಾಂಬೆ' ಸಿನೆಮಾದ ಕೋಟೆ ಅಲ್ವಾ? ಸಿನೆಮಾದವರೇ ಕಟ್ಟಿದ್ದಾ?" ಎಂದು ಕೇಳಿದಳು. ನಗು ಬಂತು. ಮನೆ ಸೇರುವಾಗ ಆ ನಗು ಉಳಿದಿರಲಿಲ್ಲ. ಕಟ್ಟಿದವರು ಯಾರೆಂದು ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಮಣಿರತ್ನಂ ಅವರ 'ಬಾಂಬೆ' ತೆರೆ ಕಂಡುದು 1995ರಲ್ಲಿ. ಅದರ 'ಉಯಿರೇ' ಹಾಡನ್ನು ಚಿತ್ರೀಕರಿಸಿದ್ದು ಬೇಕಲದಲ್ಲಿ. ಕಥೆಯ ಪ್ರಕಾರ ಅದು ತಮಿಳುನಾಡಿನ ಒಂದು ಹಳ್ಳಿಯ ಕಡೆ. ಚಿತ್ರದ ಹೆಸರು ಮಹಾರಾಷ್ಟ್ರದ ನಗರದ್ದು. ಕೋಟೆ ಇರುವುದು ಕೇರಳದಲ್ಲಿ. 1650ರ ಸುಮಾರಿಗೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಒಂದು ಹಾಡಿನೊಳಗೆ ನಾಲ್ಕು ನಾಡುಗಳು.

ಆ ಹಾಡನ್ನು ನಾನು ಮೆಚ್ಚುತ್ತೇನೆ. ಸುಮಾರು 40 ಎಕರೆಯ ಈ ಕೋಟೆಯಲ್ಲಿ ಅರಮನೆಯಿಲ್ಲ. ಇರುವುದು ಬುರುಜು, ವೀಕ್ಷಣಾ ಗೋಪುರ, ಮದ್ದಿನ ಮನೆ, ಕೋವಿಯ ಕಿಂಡಿಗಳು. ಅನ್ಯರನ್ನು ಹೊರಗೇ ತಡೆಯುವುದಕ್ಕಾಗಿ ಎದ್ದ ಗೋಡೆ ಇದು. ಆ ಗೋಡೆಯೊಳಗೇ ಹಿಂದೂ ಹುಡುಗನ ಬಳಿಗೆ ಮುಸ್ಲಿಂ ಹುಡುಗಿ ಓಡಿ ಬರುತ್ತಾಳೆ. ಕಲ್ಲಿಗೆ ಅದರ ಉದ್ದೇಶಕ್ಕೆ ವಿರುದ್ಧವಾದ ಅರ್ಥವನ್ನು ಕೊಟ್ಟದ್ದು ಕಲೆಯ ಸಾರ್ಥಕತೆಯೇ ಸರಿ.

ಆದರೆ ಛಾಯಾಗ್ರಾಹಕ ರಾಜೀವ್ ಮೆನನ್ ಜಾಹೀರಾತು ಚಿತ್ರಗಳಿಂದ ಬಂದವರೆಂಬುದನ್ನೂ ಗಮನಿಸಬೇಕು. ವಸ್ತುವನ್ನು ಅದರ ಹಿನ್ನೆಲೆಯಿಂದ ಬಿಡಿಸಿ ಬೆಳಗಿಸುವುದು ಜಾಹೀರಾತಿನ ಕಣ್ಣಿನ ಗುಣ. ಅದೇ ಅದರ ಮಿತಿ. ಕಲ್ಲು, ಮಳೆ, ಕಡಲು ಉಳಿಯುತ್ತವೆ. 1763ರಲ್ಲಿ ಕೆಳದಿ ರಾಜ್ಯ ಹೈದರಾಲಿಯ ವಶವಾದುದು, 1799ರಲ್ಲಿ ಟಿಪ್ಪುವಿನ ಪತನಾನಂತರ ಕೋಟೆ ಕಂಪೆನಿಯ ಕೈಸೇರಿದುದು, ಬೇಕಲ ತಾಲೂಕು ಮುಂದೆ ಕಾಸರಗೋಡು ತಾಲೂಕಾದುದು ಯಾವುದೂ ಉಳಿಯುವುದಿಲ್ಲ. ಈಗಲೂ ಪ್ರವಾಸದ ಪ್ರಚಾರದಲ್ಲಿ ಶಿವಪ್ಪ ನಾಯಕನಿಗಿಂತ ಮೊದಲು ಆ ಹಾಡೇ ಬರುವುದುಂಟು.

ಇದೇ ನಿರ್ದೇಶಕರ ಇನ್ನೊಂದು ಸೋಜಿಗವಿದೆ. ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ್ದು, 1983ರ 'ಪಲ್ಲವಿ ಅನುಪಲ್ಲವಿ'. ಅದಕ್ಕೆ ಇಳಯರಾಜ ಮಾಡಿದ ರಾಗವೇ ಹಲವು ವರ್ಷಗಳ ಬಳಿಕ ಐಡಿಯಾ ಮೊಬೈಲ್ ಕಂಪೆನಿಯ ಜಾಹೀರಾತಿನಲ್ಲಿ ದೇಶವಿಡೀ ಕೇಳಿತು. ಕೇಳಿದವರಲ್ಲಿ ಅದರ ಮೂಲ ಕನ್ನಡ ಚಿತ್ರವೆಂದು ತಿಳಿದವರೆಷ್ಟು ಮಂದಿ? 2018ರಲ್ಲಿ ಆ ಕಂಪೆನಿ ವೊಡಾಫೋನಿನೊಂದಿಗೆ ವಿಲೀನವಾಯಿತು. ರಾಗ ಮಾತ್ರ ಜನರ ಕಿವಿಯಲ್ಲಿದೆ.

ಹಾಗೆಂದು ಸಿನೆಮಾದವರನ್ನೋ ನಮ್ಮ ಮಲಯಾಳಿ ನೆರೆಯವರನ್ನೋ ದೂರುವುದು ಸುಲಭದ ದಾರಿ. ಇತಿಹಾಸ ಕಲಿಸುವ ಹೊಣೆ ಹಾಡಿನದಲ್ಲ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನಷ್ಟೇ ಕರ್ನಾಟಕಕ್ಕೆ ಶಿಫಾರಸು ಮಾಡಿತ್ತು. ಬೇಕಲ ಇರುವುದು ಹೊಳೆಯ ತೆಂಕು ದಿಕ್ಕಿನಲ್ಲಿ. ನಕ್ಷೆಯ ಗೆರೆ ಹೊಳೆಯಲ್ಲಿ ನಿಂತಿತು ನಿಜ. ನಮ್ಮ ನೆನಪೂ ಅಲ್ಲೇ ನಿಲ್ಲಬೇಕಿತ್ತೇ? ನೆನಪಿಟ್ಟುಕೊಳ್ಳುವುದಕ್ಕೆ ಗಡಿಯನ್ನು ಸರಿಸಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಮರುದಿನ ಮೊಮ್ಮಗಳನ್ನು ಕೂರಿಸಿಕೊಂಡು, ಬೇಕಲ ಯಾವ ತಾಲೂಕಿನಲ್ಲಿದೆ ಎಂದು ಕೇಳಿದೆ.

"ಹೊಸದುರ್ಗ."

"ಹಾಗೆಂದರೇನು?"

ಸ್ವಲ್ಪ ಯೋಚಿಸಿ, "ಹೊಸ... ದುರ್ಗ. ಹೊಸ ಕೋಟೆ! ಅಜ್ಜಾ, ಇದು ಕನ್ನಡವೇ!" ಎಂದಳು.

ದಿನವೂ ಬಸ್ಸಿನ ಹಲಗೆಯಲ್ಲಿ ಓದುತ್ತಿದ್ದ ಹೆಸರು ಅದು. ಆ ಹಾಡನ್ನು ಅವಳು ಈಗಲೂ ಗುನುಗುತ್ತಾಳೆ, ಗುನುಗಲಿ. ಕೋಟೆ ಕಟ್ಟಿಸಿದವನು ಯಾರೆಂದು ಯಾರಾದರೂ ಕೇಳಿದರೆ ಅದನ್ನೂ ಹೇಳುತ್ತಾಳೆ.