ತರಗತಿಯಲ್ಲಿ ವಿಕಿ: ಪುಟಕ್ಕಿಂತ ಅದರ ಇತಿಹಾಸ ಮುಖ್ಯ

ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ ಆಲದ ಮರಗಳೆಷ್ಟು? ಅಂತರಜಾಲದಲ್ಲಿ ಹುಡುಕಿ ನೋಡಿ. ಒಂದು ಕಡೆ 284 ಎಂದಿದೆ, ಇನ್ನೊಂದು ಕಡೆ 385. ಸಾಲಿನ ಉದ್ದವೂ ಒಂದು ಕಡೆ 4 ಕಿ.ಮೀ., ಇನ್ನೊಂದು ಕಡೆ 45 ಕಿ.ಮೀ.! ಆ ರಸ್ತೆಯಲ್ಲಿ ಸೈಕಲ್ ತುಳಿದ ಹುಡುಗ ಈ 45ನ್ನು ಕಂಡು ನಕ್ಕಾನು. ಆದರೆ ಶಾಲೆಯಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದರೆ ಅದೇ ಹುಡುಗ 45 ಎಂದೇ ನಕಲು ಮಾಡಿ ತಂದಾನು. ಏಕೆಂದರೆ ನಾವು ಅವನಿಂದ ಕೇಳುವುದು ತುಂಬಿದ ಪುಟವನ್ನು. ಅದು ಹೇಗೆ ತುಂಬಿತು ಎಂದು ಕೇಳುವುದಿಲ್ಲ.

ಹಲವರು ಕೂಡಿ ಬರೆಯುವ ಜಾಲತಾಣಗಳನ್ನು ಪಾಠಕ್ಕೆ ಬಳಸಬಹುದೇ ಎಂಬ ಚರ್ಚೆಯ ತಿರುಳು ಇಲ್ಲಿದೆ. ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿಯನ್ನು 1995ರಲ್ಲಿ ಅಂತರಜಾಲಕ್ಕೆ ತಂದರು. 2001ರಲ್ಲಿ ವಿಕಿಪೀಡಿಯ, 2003ರಲ್ಲಿ ಅದರ ಕನ್ನಡ ಆವೃತ್ತಿ ಬಂದವು. ವಿಕಿಯ ಪುಟವನ್ನು ಓದುಗರೇ ತಿದ್ದಬಹುದು ಎಂಬುದು ನಿಮಗೆ ಗೊತ್ತು. ಪ್ರತಿಯೊಂದು ತಿದ್ದುಪಡಿಯೂ 'ಇತಿಹಾಸ' ಎಂಬ ಕಡೆ ಉಳಿಯುತ್ತದೆ ಎಂಬುದನ್ನು ಮಾತ್ರ ಅನೇಕರು ಗಮನಿಸುವುದಿಲ್ಲ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಶಿಕ್ಷಕರಿಗೆ ಇದಕ್ಕಿಂತ ಉಪಯುಕ್ತ ಸಾಧನ ಬೇಕೇ?

ಆದರೂ ಪ್ರಯೋಗಗಳು ಎಡವಿದ್ದುಂಟು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಸಲಾಯಿತು. ಪುಸ್ತಕ ಮತ್ತು ಜಾಲತಾಣಗಳಿಂದ ನಕಲು ಮಾಡಿದ ಬರಹ ರಾಶಿಯಾಗಿ ಬಂದು ಬಿತ್ತು. ಅದನ್ನು ಅಳಿಸುವ ಹೊರೆ ಸ್ವಯಂಸೇವಕರ ಮೇಲೆ ಬಿದ್ದು, ಯೋಜನೆ ಅದೇ ವರ್ಷ ನಿಂತಿತು. 2013ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ವಿದ್ಯಾರ್ಥಿಗಳನ್ನು ವಿಕಿಪೀಡಿಯದ ಬರವಣಿಗೆಗೆ ಹಚ್ಚಿದರು. ಅಲ್ಲಿ ಬರೆಯುವುದು ಭಾರತೀಯ ಭಾಷೆಗಳಲ್ಲಿ. ಆ ಭಾಷೆಗಳಲ್ಲಿ ನಕಲು ಮಾಡಲು ಸಿಗುವುದೂ ಕಡಿಮೆ. ಹೀಗಾಗಿ ಸ್ವಂತ ವಾಕ್ಯ ಕಟ್ಟುವುದು ಅನಿವಾರ್ಯವಾಗುತ್ತದೆ.

ಶಾಲೆಗಳ ಮಟ್ಟದಲ್ಲಿ ನಮ್ಮ ರಾಜ್ಯದ ಮುಖ್ಯ ಪ್ರಯತ್ನವೆಂದರೆ 2013ರ ಹೊತ್ತಿಗೆ ಆರಂಭವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ. ಇದೂ ವಿಕಿಯೇ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಇದರಲ್ಲಿ ಪಾಠಸಾಮಗ್ರಿ ಕೂಡಿಸಿದ್ದಾರೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಇದು ಶಿಕ್ಷಕರು ಶಿಕ್ಷಕರಿಗಾಗಿ ಬರೆಯುವ ತಾಣ. ಮಗು ಇಲ್ಲಿಯೂ ಓದುಗನಾಗಿಯೇ ಉಳಿಯುತ್ತದೆ. ಇದೇ ಇದರ ಮಿತಿ.

ಹಾಗಾದರೆ ಮಕ್ಕಳನ್ನು ನೇರವಾಗಿ ವಿಕಿಪೀಡಿಯಕ್ಕೆ ಬಿಡಬಹುದೇ? ಅಲ್ಲೊಂದು ತೊಡಕಿದೆ. ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ ಎಡೆಯಿಲ್ಲ. ಪ್ರಕಟವಾದ ಆಧಾರ ಬೇಕು. ಕುದೂರಿನ ಮಕ್ಕಳು ಮರಗಳನ್ನು ಎಣಿಸಿ ಬಂದರೆ ಆ ಎಣಿಕೆಯನ್ನು ಅಲ್ಲಿ ಸೇರಿಸುವಂತಿಲ್ಲ. ವಿಶ್ವಕೋಶಕ್ಕೆ ಇದು ಸರಿಯಾದ ನಿಯಮ. ಆದರೆ ವಿಜ್ಞಾನ ಕಲಿಯುವ ಮಗುವಿಗೆ ಎಣಿಸುವುದೇ ಪಾಠ. ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡರು, ಅವರನ್ನು ಕೇಳುವಂತಿಲ್ಲ. ಮರಗಳನ್ನು ಎಣಿಸಬಹುದು. ಆಗ 'ಇಂದು ಇರುವ ಮರಗಳು ಅಂದು ನೆಟ್ಟವಷ್ಟೇ ಇವೆಯೇ?' ಎಂಬ ಇನ್ನೂ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ಶಾಲೆಗಳಿಗೆ ತಮ್ಮದೇ ಆದ ಪುಟ್ಟ ವಿಕಿ ಬೇಕು.

ಒಂದು ಉದಾಹರಣೆ ನೋಡಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯವನ್ನು ದಾಟಿ, ರಾಮನಗರ, ಕನಕಪುರಗಳನ್ನು ಹಾದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಯಾವ ಒಂದು ಶಾಲೆಗೂ ಇಡೀ ನದಿ ಕಾಣುವುದಿಲ್ಲ. ಮೂರು ತಾಲ್ಲೂಕುಗಳ ಮಕ್ಕಳು ನೀರಿನ ಬಣ್ಣ, ವಾಸನೆ, ಹರಿವನ್ನು ತಿಂಗಳಿಗೊಮ್ಮೆ ಗುರುತಿಸಿ ಒಂದೇ ಪುಟದಲ್ಲಿ ಬರೆಯಲಿ. ಚನ್ನಪಟ್ಟಣದವರು ತಮ್ಮ ಕಣ್ವ ಹೊಳೆಯ ಪುಟ ಬರೆದು ಹೋಲಿಸಲಿ. ಇಲ್ಲಿ ಸಹಯೋಗ ಬರಿಯ ಅಲಂಕಾರವಲ್ಲ. ಅದಿಲ್ಲದೆ ಪುಟವೇ ಪೂರ್ಣವಾಗದು.

ಕೆಲವು ಎಚ್ಚರಿಕೆಗಳು ಅಗತ್ಯ. ಮಕ್ಕಳ ನಿಜನಾಮ, ಭಾವಚಿತ್ರ ಬಹಿರಂಗ ಪುಟದಲ್ಲಿ ಬೇಡ. ಗಣಕ ಒಂದೇ ಇದ್ದರೆ ಮೊದಲು ನೋಟ್‌ಬುಕ್ಕಿನಲ್ಲಿ ಬರೆಸಿ, ಸರದಿಯಂತೆ ಏರಿಸಿ. ಬೆರಳಚ್ಚು ಬಲ್ಲ ಒಬ್ಬನೇ ಎಲ್ಲರ ಪರವಾಗಿ ಬರೆಯದಂತೆ ನೋಡಿಕೊಳ್ಳಿ.

ಇನ್ನು ಅಂಕದ ಮಾತು. ಅಂದವಾದ ಪುಟವನ್ನು ಇಂದು ಯಂತ್ರವೂ ಕ್ಷಣದಲ್ಲಿ ಬರೆದುಕೊಡುತ್ತದೆ. ನೀವು ಶಿಕ್ಷಕರಾಗಿದ್ದರೆ ಪುಟಕ್ಕೆ ಅಂಕ ಕೊಡಬೇಡಿ. ಇತಿಹಾಸವನ್ನು ತೆರೆದು, 45 ಎಂದಿದ್ದುದನ್ನು ಯಾರು 4 ಎಂದು ತಿದ್ದಿದರು, ತಿದ್ದುವ ಮುನ್ನ ಏನನ್ನು ಅಳೆದರು ಎಂದು ಕೇಳಿ. ಅಂಕ ಆ ಉತ್ತರಕ್ಕೆ ಸಲ್ಲಲಿ.