ಶಾಸನ ಊರ ಮುಂದೆ, ಲೇಖನ ಬೀರುವಿನೊಳಗೆ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯದ್ದು, 1905ರಲ್ಲಿ ಅಚ್ಚಾಯಿತು. ಇವತ್ತು ಇಂಟರ್ನೆಟ್ ಆರ್ಕೈವ್‌ನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದೇ ಜಿಲ್ಲೆಯ ಒಂದು ವೀರಗಲ್ಲಿನ ಬಗ್ಗೆ ಹದಿನೈದು ವರ್ಷದ ಹಿಂದೆ ಪ್ರಾಧ್ಯಾಪಕರೊಬ್ಬರು ಬರೆದ ಎಂಟು ಪುಟದ ಲೇಖನ ಬೇಕೆಂದರೆ? ಅದು ಯಾವುದೋ ಅಭಿನಂದನ ಗ್ರಂಥದಲ್ಲಿದೆ. ಗ್ರಂಥ ಮರುಮುದ್ರಣವಾಗಿಲ್ಲ. ನನ್ನಂಥ ಎಂಜಿನಿಯರು ಗ್ರಂಥಾಲಯದ ಬಾಗಿಲಿಗೆ ಹೋದರೆ ‘ಸದಸ್ಯರಿಗೆ ಮಾತ್ರ’ ಅನ್ನುವ ಬೋರ್ಡು. ನೂರಿಪ್ಪತ್ತು ವರ್ಷ ಹಳೆಯ ಓದು ಕೈಗೆ ಸಿಗುತ್ತೆ, ಅದನ್ನು ತಿದ್ದಿದ ಹೊಸ ಓದು ಸಿಗಲ್ಲ. ಹಾಗಾಗಿ ತಿದ್ದಿದ ತಪ್ಪೇ ಮತ್ತೆ ಮತ್ತೆ ಫೇಸ್‌ಬುಕ್ಕಿನಲ್ಲಿ ಓಡಾಡ್ತಿರುತ್ತೆ.

ವಿಶ್ವವಿದ್ಯಾಲಯಗಳ ಮುಕ್ತ ಭಂಡಾರಗಳು ಹುಟ್ಟಿದ್ದೇ ಇದಕ್ಕೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಪ್ರಿಂಟ್ಸ್ ತಂತ್ರಾಂಶದಲ್ಲಿ ಅಂಥದ್ದೊಂದನ್ನು ಶುರು ಮಾಡಿತು. 2009ರ ಯುಜಿಸಿ ನಿಯಮದಿಂದ ಪಿಎಚ್‌ಡಿ ಮಹಾಪ್ರಬಂಧಗಳು ವಿದ್ಯುನ್ಮಾನ ರೂಪದಲ್ಲಿ ಬರಬೇಕಾಯಿತು, ಶೋಧಗಂಗಾ ತುಂಬಿತು. ಬಿಡಿ ಲೇಖನಗಳ ವಿಷಯದಲ್ಲಿ ಮಾತ್ರ ಇನ್ನೂ ‘ದಯವಿಟ್ಟು ನಿಮ್ಮ ಪ್ರಬಂಧಗಳನ್ನು ಸಲ್ಲಿಸಿ ಸಹಕರಿಸಿ’ ಅನ್ನೋ ಸುತ್ತೋಲೆಯಲ್ಲೇ ಇದ್ದೇವೆ.

ನನ್ನ ತಕರಾರು ಈ ಸುತ್ತೋಲೆಗಳ ವಾದದ ಬಗ್ಗೆ. ಎಲ್ಲದರಲ್ಲೂ ಒಂದೇ ಆಮಿಷ: ಮುಕ್ತವಾಗಿಟ್ಟರೆ ನಿಮ್ಮ ಉಲ್ಲೇಖಗಳ ಸಂಖ್ಯೆ ಹೆಚ್ಚುತ್ತದೆ. ರಸಾಯನಶಾಸ್ತ್ರದವರಿಗೆ ಇದು ಸರಿ ಇರಬಹುದು. ಕನ್ನಡದಲ್ಲಿ ಶಾಸನಗಳ ಬಗ್ಗೆ ಬರೆಯುವವರ ಪತ್ರಿಕೆಗಳನ್ನು, ಸ್ಮರಣ ಸಂಚಿಕೆಗಳನ್ನು ಆ ಉಲ್ಲೇಖ ಎಣಿಸುವ ಯಂತ್ರಗಳು ನೋಡುವುದೇ ಇಲ್ಲ. ಇಲ್ಲದ ಲೆಕ್ಕ ಹೆಚ್ಚುತ್ತೆ ಅಂದರೆ ಯಾರು ನಂಬ್ತಾರೆ?

ನಮ್ಮ ಕ್ಷೇತ್ರದವರನ್ನು ನಿಜವಾಗಿ ತಡೆಯುವುದು ಬೇರೆ. ಮೊದಲನೆಯದು ಕದಿಯುವ ಭಯ. ‘ನಾನು ಕಂಡುಹಿಡಿದ ಶಾಸನ, ನಾನು ಮಾಡಿದ ಓದು, ಇನ್ನೊಬ್ಬ ತನ್ನದೆಂದು ಬರೆದುಕೊಳ್ತಾನೆ.’ ಈ ಭಯ ಸುಳ್ಳಲ್ಲ, ಶಾಸನ ಲೋಕದ ಜಗಳಗಳಲ್ಲಿ ಬಹುಪಾಲು ‘ಮೊದಲು ನೋಡಿದ್ದು ಯಾರು’ ಅನ್ನೋದೇ. ಆದರೆ ಭಂಡಾರ ಈ ರೋಗಕ್ಕೆ ಮದ್ದು, ಕಾರಣವಲ್ಲ. ಕಡತ ಏರಿಸಿದ ದಿನಾಂಕ ಅಲ್ಲಿ ದಾಖಲಾಗುತ್ತೆ, ಲೇಖಕ ತಾನೇ ಹೋಗಿ ಅದನ್ನು ಹಿಂದೆ ಮುಂದೆ ಮಾಡಲು ಬರುವುದಿಲ್ಲ. ಎರಡು ವರ್ಷ ತಡವಾಗಿ ಬರುವ ಸಂಚಿಕೆಗಿಂತ ಗಟ್ಟಿಯಾದ ಸಾಕ್ಷಿ ಇದು. ಈ ಮಾತನ್ನು ಒಂದು ಸುತ್ತೋಲೆಯೂ ಹೇಳಿದ್ದು ನಾನು ನೋಡಿಲ್ಲ.

ಎರಡನೆಯದು ಹಕ್ಕುಸ್ವಾಮ್ಯ. ಇಂಗ್ಲಿಷ್ ನಿಯತಕಾಲಿಕದಲ್ಲಿ ಬರೆದವರು ಪ್ರಕಾಶಕರ ಷರತ್ತು ನೋಡಿಕೊಳ್ಳಲೇಬೇಕು. ಎಷ್ಟೋ ಕಡೆ ಅಚ್ಚಾದ ಪುಟ ಬೇಡ, ಒಪ್ಪಿಗೆಯಾದ ಹಸ್ತಪ್ರತಿ ಇಡಬಹುದು ಅಂತಿರುತ್ತೆ. ಕನ್ನಡದ ಕಥೆ ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆಗೆ ಬರವಣಿಗೆ ಇರಬೇಕು, ಸಹಿ ಇರಬೇಕು. ಅಭಿನಂದನ ಗ್ರಂಥಕ್ಕೆ ಲೇಖನ ಕೊಡುವಾಗ ಯಾರು ಸ್ವಾಮಿ ಕರಾರುಪತ್ರಕ್ಕೆ ಸಹಿ ಹಾಕಿದ್ದು? ಫೋನಿನಲ್ಲಿ ಕೇಳಿದರು, ನೀವು ಕಳಿಸಿದಿರಿ. ಹಾಗಿದ್ದಲ್ಲಿ ಹಕ್ಕು ಸಂಪಾದಕರಿಗೆ ಹೋಗಿಲ್ಲ. ಸಂಪಾದಕರಿಗೆ ಒಂದು ಮಾತು ತಿಳಿಸಿ ಇಡಬಹುದು, ಅದು ಮರ್ಯಾದೆ.

ಮೂರನೆಯ ಆಕ್ಷೇಪವನ್ನು ನಾನು ಒಪ್ತೀನಿ. ಜಾಗ ಬಹಿರಂಗವಾದರೆ ನಿಧಿಗಳ್ಳರು ಬರ್ತಾರೆ. ಕಾಡಿನೊಳಗಿನ, ಹಾಳು ದೇಗುಲದ ಕಲ್ಲಾದರೆ ಊರು, ತಾಲ್ಲೂಕಿಗೆ ನಿಲ್ಲಿಸಿ, ಅಕ್ಷಾಂಶ ರೇಖಾಂಶ ಕೊಡಬೇಡಿ. ಅಷ್ಟಕ್ಕೆ ಪಾಠವನ್ನೇ ಬಚ್ಚಿಡಬೇಕಿಲ್ಲ.

ಇನ್ನು ಭಂಡಾರಗಳ ಕಡೆಯ ತಪ್ಪು. ಇಟ್ಟ ಲೇಖನ ಹುಡುಕಿದರೆ ಸಿಗಬೇಕಲ್ಲ? ನುಡಿಯ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಟೈಪಿಸಿದ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟು ಕನ್ನಡ. ಕಂಪ್ಯೂಟರಿಗೆ ಮಾತ್ರ ‘ಕ’ ಎಂಬಲ್ಲಿ ಕಾಣುವುದು ಇಂಗ್ಲಿಷಿನ ದೊಡ್ಡ ಪಿ, ‘ನ’ ಎಂಬಲ್ಲಿ ಪೌಂಡಿನ ಚಿಹ್ನೆ. ‘ಶ್ರೀಪುರುಷ’ ಅಂತ ಯೂನಿಕೋಡಿನಲ್ಲಿ ಹುಡುಕಿದರೆ ಶೂನ್ಯ. ಆ ಪ್ರಬಂಧ ಭಂಡಾರದಲ್ಲಿದ್ದೂ ಇಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒತ್ತಕ್ಷರ ಕೆಟ್ಟಿದೆಯಾ ಅಂತ, ಅದರಲ್ಲೂ ಹಳಗನ್ನಡದ ಱ, ೞ ಉಳಿದಿವೆಯಾ ಅಂತ ಒಮ್ಮೆ ಕಣ್ಣಾಡಿಸಬೇಕು ಅಷ್ಟೆ.

ಅರ್ಜಿ ನಮೂನೆ ಇನ್ನೊಂದು ಗೋಳು. ಪತ್ರಿಕೆಯ ಹೆಸರು, ಸಂಪುಟ, ಐಎಸ್‌ಎಸ್‌ಎನ್ ಎಲ್ಲ ಕೇಳ್ತಾರೆ. ಊರು ಯಾವುದು, ಯಾವ ಅರಸು, ಯಾವ ಶತಮಾನ ಅಂತ ಯಾರೂ ಕೇಳಲ್ಲ. ಈ ಭಂಡಾರಗಳ ಮಾಹಿತಿವಿವರಕ್ಕೆ ಸಾಮಾನ್ಯವಾಗಿ ತಳಹದಿಯಾಗಿರುವ ಡಬ್ಲಿನ್ ಕೋರ್‌ನ ಹದಿನೈದು ಅಂಶಗಳಲ್ಲಿ ‘ಕವರೇಜ್’ ಎಂಬುದು ದೇಶ, ಕಾಲ ಹೇಳಲಿಕ್ಕೆಂದೇ ಇದೆ. ಹೊಸ ತಂತ್ರಾಂಶ ಬೇಡ, ಖಾಲಿ ಬಿಟ್ಟಿರುವ ಆ ಜಾಗ ತುಂಬಿಸಿದರೆ ಸಾಕು. ತಾಲ್ಲೂಕುವಾರು ಜೋಡಿಸಿದ ರೈಸ್ ಅವರಿಗೆ ಅಂದೇ ಇದು ಗೊತ್ತಿತ್ತು.

ಒತ್ತಾಯ ಮಾಡಬೇಕಾ ಅಂತ ಕೇಳಬಹುದು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯ ಸರಳ ದಾರಿ ಹಿಡಿಯಿತು: ಬಡ್ತಿ, ಮೌಲ್ಯಮಾಪನಕ್ಕೆ ನಮ್ಮ ಭಂಡಾರದಲ್ಲಿರುವ ಪ್ರಕಟಣೆಗಳನ್ನಷ್ಟೇ ಪರಿಗಣಿಸುತ್ತೇವೆ ಎಂದಿತು. ಅದರ ಭಂಡಾರ ತುಂಬಿತು. ಇಲ್ಲಿಯೂ ಸೇವೆಯಲ್ಲಿರುವವರಿಗೆ ಅದು ನಡೆದೀತು. ಆದರೆ ನಮ್ಮ ಶಾಸನ ವಿದ್ವಾಂಸರಲ್ಲಿ ಅನೇಕರು ನಿವೃತ್ತರು, ಬಡ್ತಿಯ ಹಂಗಿಲ್ಲ, ಅಪ್‌ಲೋಡ್ ಗುಂಡಿಯ ಪರಿಚಯವೂ ಇಲ್ಲ. ಅವರಿಗೆ ಇಮೇಲ್ ಕಳಿಸಿ ಪ್ರಯೋಜನವಿಲ್ಲ. ಗ್ರಂಥಾಲಯದವರೇ ಒಬ್ಬ ವಿದ್ಯಾರ್ಥಿಯನ್ನೂ ಒಂದು ಸ್ಕ್ಯಾನರನ್ನೂ ಅವರ ಮನೆಗೆ ಕಳಿಸಬೇಕು. ಲೇಖನದ ಜೊತೆ ಹಳೆಯ ಪಡಿಯಚ್ಚು, ಕಲ್ಲಿನ ಫೋಟೊ ಇದ್ದರೆ ಅವನ್ನೂ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ರಸ್ತೆ ಅಗಲೀಕರಣಕ್ಕೆ ಸಿಕ್ಕ ಕಲ್ಲಾಗಿದ್ದರೆ, ಆ ಅಕ್ಷರಗಳು ಈಗ ಉಳಿದಿರುವುದು ಆ ಬೀರುವಿನಲ್ಲಿ ಮಾತ್ರ.